ಯೋಗವೋ, ಚಿಗಾಂಗೋ: ಒಂದನ್ನು ಹಿಡಿಯುವ ಮುನ್ನ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯವನ್ನು ಬರೀ ಆರೋಗ್ಯದ ಕಡೆಯಿಂದ ನೋಡಿದರೆ ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಬೆನ್ನು ಸಡಿಲವಾಗಬೇಕು, ರಾತ್ರಿ ನಿದ್ದೆ ಬರಬೇಕು, ಬಿ.ಪಿ. ಹಿಡಿತದಲ್ಲಿರಬೇಕು, ಇಷ್ಟೇ ನಿಮ್ಮ ಆಸೆಯಾದರೆ ಯೋಗವಾದರೂ ಸರಿ, ಚೀನಾದವರ ಉಸಿರು, ಚಲನೆ, ಗಮನದ ಅಭ್ಯಾಸವಾದ ಚಿಗಾಂಗ್ ಆದರೂ ಸರಿ. ಮನೆಗೆ ಹತ್ತಿರ ಯಾರು ಚೆನ್ನಾಗಿ ಕಲಿಸುತ್ತಾರೋ ಅವರ ಹತ್ತಿರ ಹೋಗಿ, ಬಿಡದೆ ಮಾಡಿ. ಆದರೆ ಇಲ್ಲಿ ಸೇರಿರುವ ಬಹಳ ಮಂದಿಯ ಪ್ರಶ್ನೆ ಅದಲ್ಲ. ಇದನ್ನು ಸಾಧನೆಯಾಗಿ ಹಿಡಿಯುತ್ತೇನೆ, ಮುಂದಿನ ಇಪ್ಪತ್ತು ವರ್ಷ ಇದರ ಜೊತೆಗೇ ಇರುತ್ತೇನೆ ಅನ್ನುವವರು ಯಾವುದನ್ನು ಆರಿಸಿಕೊಳ್ಳಬೇಕು? ಅವರಿಗೆ "ಎರಡೂ ಒಂದೇ ರೀ, ಯಾವುದಾದರೂ ಮಾಡಿ" ಅಂದುಬಿಟ್ಟರೆ ಅದು ಉತ್ತರವಾಗುವುದಿಲ್ಲ. ಎರಡೂ ಒಂದೇ ಅಲ್ಲ. ಎಲ್ಲಿ ಬೇರೆಯಾಗುತ್ತವೆ ಅನ್ನುವುದು ಗೊತ್ತಾದರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ. ಗೊತ್ತಾಗದೆ ಎರಡನ್ನೂ ಕಲಸಿಕೊಂಡರೆ ತಲೆನೋವು, ನಿದ್ದೆಗೆಡುವುದು, ಎದೆ ಡವಗುಟ್ಟುವುದು ಶುರುವಾಗುತ್ತದೆ. ಅದಕ್ಕೂ ಕಾರಣ ಇದೆ, ಮುಂದೆ ಹೇಳುತ್ತೇನೆ.

ಮೊದಲು ಹೆಸರು. ಇಂಗ್ಲಿಷ್ ಅಕ್ಷರ ನೋಡಿ ಕೆಲವರು ಕಿಗಾಂಗ್ ಅಂತ ಓದುತ್ತಾರೆ. ಚೀನೀ ಉಚ್ಚಾರ ಚಿಗಾಂಗ್‌ಗೆ ಹತ್ತಿರ. ಚಿ ಅಂದರೆ ಉಸಿರು, ಆವಿ, ಜೀವಬಲ. ಗಾಂಗ್ ಅಂದರೆ ಬಹುಕಾಲ ದುಡಿದು ಗಳಿಸಿದ ಪಳಗಿಕೆ.

ಈ ಹೆಸರು ಈಗಿನ ಅರ್ಥದಲ್ಲಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಚೀನಾದ ಹೆಬೆ ಪ್ರಾಂತ್ಯದ ಲಿಯು ಗುಯಿಝೆನ್ ತಮ್ಮ ಹೊಟ್ಟೆಹುಣ್ಣು ಇಂಥ ಅಭ್ಯಾಸದಿಂದ ವಾಸಿಯಾಯಿತೆಂದು ಹೇಳಿ, ಹಳೆಯ ಉಸಿರಾಟದ ವಿಧಾನಗಳನ್ನು ಚಿಕಿತ್ಸೆಯಾಗಿ ಕಲಿಸತೊಡಗಿದರು. ಸರ್ಕಾರದ ಬೆಂಬಲ ಸಿಕ್ಕಿ ಬೇದೈಹೆಯಲ್ಲಿ ಆರೋಗ್ಯಧಾಮ ನಡೆಯಿತು. ಆ ಹೊತ್ತಿಗೆ ಅಭ್ಯಾಸದ ಸುತ್ತ ಇದ್ದ ದೇವರು, ಮಂತ್ರ, ಚೀನಾದ ಹಳೆಯ ಧರ್ಮಪಂಥವಾದ ತಾವೋ ಮಠದ ಮಾತುಗಳನ್ನೆಲ್ಲ ಬೇಕೆಂದೇ ಬದಿಗಿಟ್ಟರು. ಇವತ್ತು ತರಗತಿಗಳಲ್ಲಿ ಸಿಗುವ ಚಿಗಾಂಗ್ ಬಹುಪಾಲು ಈ ಸೋಸಿದ ರೂಪವೇ. ಸಾಧನೆಗಾಗಿ ಬರುವವರು ಇದನ್ನು ಮೊದಲೇ ತಿಳಿದಿರಬೇಕು. ನಿಮಗೆ ಬೇಕಾದದ್ದು ಸೋಸಿದ ಬಟ್ಟೆಯಲ್ಲಿ ಉಳಿದುಹೋಗಿರಬಹುದು.

ಮೂಲ ಮಾತ್ರ ಬಹಳ ಹಳೆಯದು. 1973ರಲ್ಲಿ ಹುನಾನ್ ಪ್ರಾಂತ್ಯದ ಛಾಂಗ್‌ಶಾ ಬಳಿಯ ಮಾವಾಂಗ್‌ದುಯಿ ಗೋರಿಯಲ್ಲಿ ರೇಷ್ಮೆಯ ಮೇಲೆ ಬರೆದ ಒಂದು ಚಿತ್ರಪಟ ಸಿಕ್ಕಿತು. ಅದರಲ್ಲಿ 44 ಜನ ಗಂಡಸರು, ಹೆಂಗಸರು ಬಾಗುತ್ತ, ಚಾಚುತ್ತ, ನಿಂತಿದ್ದಾರೆ. ಗೋರಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಆಗ ಇದಕ್ಕೆ ದಾವ್‌ಯಿನ್ ಅನ್ನುತ್ತಿದ್ದರು. "ಚಿಗಾಂಗ್ ನಮ್ಮ ಬೋಧಿಧರ್ಮ ಒಯ್ದು ಕೊಟ್ಟದ್ದು" ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳುವುದುಂಟು. ಬೋಧಿಧರ್ಮ ಬಂದದ್ದು ಆ ಗೋರಿ ಮುಚ್ಚಿ ಆರು ಶತಮಾನಕ್ಕೂ ಹೆಚ್ಚು ಕಳೆದ ಮೇಲೆ. ಅವರ ಹೆಸರಿಗೆ ಅಂಟಿಸಿರುವ ಯಿಜಿನ್‌ಜಿಂಗ್ ಅನ್ನುವ ಸ್ನಾಯು ಅಭ್ಯಾಸದ ಪಾಠ 17ನೇ ಶತಮಾನಕ್ಕಿಂತ ಹಿಂದಿನದಲ್ಲ. ಚೀನಾದವರ ಸಾಧನೆಯನ್ನು ಅವರದೆಂದು ಒಪ್ಪಿಕೊಂಡರೆ ಕಲಿಯುವುದಕ್ಕೂ ಅನುಕೂಲ.

ಯೋಗದ ಕಥೆಯಲ್ಲೂ ಇಂಥದೇ ಒಂದು ತಿರುವಿದೆ, ಅದು ನಮ್ಮ ಮೈಸೂರಿನಲ್ಲೇ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕಲಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಇವತ್ತು ಲೋಕದ ತುಂಬ ಯೋಗ ಅಂದ ಕೂಡಲೇ ಆಸನ ಕಣ್ಣಿಗೆ ಬರುವುದಕ್ಕೆ ಈ ಪರಂಪರೆಯೇ ದೊಡ್ಡ ಕಾರಣ. ಪತಂಜಲಿಯ 195 ಸೂತ್ರಗಳಲ್ಲಿ (ಕೆಲವು ಪಾಠಗಳಲ್ಲಿ 196) ಆಸನಕ್ಕೆ ಸಿಕ್ಕಿರುವುದು ಮೂರೇ ಮೂರು: ಎರಡನೆಯ ಪಾದದ 46, 47, 48. ಹಾಗಾಗಿ ಚಿಗಾಂಗ್ ತರಗತಿಗೆ ಹೇಳಿದ ಎಚ್ಚರಿಕೆಯೇ ಯೋಗದ ತರಗತಿಗೂ ಸಲ್ಲುತ್ತದೆ. ಹೊರಗೆ ಬರೆದಿರುವ ಬೋರ್ಡು ನೋಡಿ ಒಳಗೇನಿದೆ ಅಂತ ತೀರ್ಮಾನಿಸಬೇಡಿ.

ಹೊಲ ಮತ್ತು ಬಾಗಿಲು

ಈಗ ವ್ಯತ್ಯಾಸಕ್ಕೆ ಬರೋಣ. ಸಾಮಾನ್ಯವಾಗಿ ಕೇಳಿಬರುವ ಮಾತು: ಪ್ರಾಣವೇ ಚಿ, ನಾಡಿಯೇ ಅವರ ಮೆರಿಡಿಯನ್ (ಮೈಯಲ್ಲಿ ಚಿ ಹರಿಯುವ ದಾರಿ), ಚಕ್ರವೇ ದಾನ್‌ತಿಯೆನ್. ಮೊದಲ ದಿನ ಪರಿಚಯ ಮಾಡಿಕೊಳ್ಳಲು ಈ ಹೋಲಿಕೆ ಸಾಕು. ಎರಡನೆಯ ತಿಂಗಳಿಗೆ ಇದೇ ದಾರಿ ತಪ್ಪಿಸುತ್ತದೆ.

ದಾನ್‌ತಿಯೆನ್ ಅನ್ನುವ ಮಾತನ್ನೇ ಬಿಡಿಸಿ ನೋಡಿ. ತಿಯೆನ್ ಅಂದರೆ ಹೊಲ. ದಾನ್ ಅಂದರೆ ಸಿದ್ಧೌಷಧ, ರಸವಾದಿಗಳು ಹುಡುಕುತ್ತಿದ್ದ ಗುಳಿಗೆ. ಹೊಕ್ಕುಳಿನಿಂದ ಸುಮಾರು ಮೂರು ಬೆರಳು ಕೆಳಗೆ, ಹೊಟ್ಟೆಯ ಒಳಗೆ ಇರುವ ಈ ಜಾಗ ಬೆಳೆ ತೆಗೆಯುವ ಹೊಲ. ಅಲ್ಲಿ ಗಮನ ಇಡುತ್ತೀರಿ, ಉಸಿರು ಇಳಿಸುತ್ತೀರಿ, ತಿಂಗಳುಗಟ್ಟಲೆ ಕಾಯುತ್ತೀರಿ. ಅಲ್ಲಿ ಕೂಡಿಡುವುದೇ ಕೆಲಸ. ಹಠಯೋಗದ ಚಕ್ರ ಹಾಗಲ್ಲ. ಮೇಲೇರುವ ಶಕ್ತಿ ಅದನ್ನು ಭೇದಿಸಿಕೊಂಡು ಮುಂದೆ ಹೋಗಬೇಕು. ಒಂದು ಉತ್ತು ಬಿತ್ತುವ ಹೊಲ, ಇನ್ನೊಂದು ದಾಟಿ ಹೋಗುವ ಬಾಗಿಲು. ಹೊಲದಲ್ಲಿ ಮಾಡುವ ಕೆಲಸವನ್ನು ಬಾಗಿಲಲ್ಲಿ ಮಾಡಲಾಗುವುದಿಲ್ಲ.

ಉಸಿರಿನ ದಿಕ್ಕೂ ಬೇರೆ. ಹಠಯೋಗದಲ್ಲಿ ಮೂಲಬಂಧ ಹಾಕಿ, ಅಂದರೆ ಗುದದ ಬಳಿಯ ಸ್ನಾಯು ಬಿಗಿಹಿಡಿದು, ಕೆಳಮುಖವಾಗಿ ಹೋಗುವ ಅಪಾನವನ್ನು ಮೇಲಕ್ಕೆಳೆಯುತ್ತಾರೆ, ಗದ್ದವನ್ನು ಎದೆಗೊತ್ತುವ ಜಾಲಂಧರಬಂಧದಿಂದ ಪ್ರಾಣವನ್ನು ಮೇಲೆ ತಡೆಯುತ್ತಾರೆ, ಎರಡೂ ಕೂಡಿ ಬೆನ್ನಿನ ನಡುವಿನ ನಾಡಿಯಾದ ಸುಷುಮ್ನೆಯಲ್ಲಿ ಏರಲಿ ಎಂಬುದು ಗುರಿ. ಬಿಗಿಹಿಡಿದು ಏರಿಸುವ ದಾರಿ ಇದು. ಚಿಗಾಂಗಿನಲ್ಲಿ ಮೊದಲ ಪಾಠವೇ ಇಳಿಸುವುದು: ಹೆಗಲು ಇಳಿಯಲಿ, ಎದೆ ಇಳಿಯಲಿ, ಚಿ ದಾನ್‌ತಿಯೆನ್‌ಗೆ ಇಳಿಯಲಿ, ಮೈಭಾರ ಅಂಗಾಲಿಗೆ ಇಳಿಯಲಿ. ಅಲ್ಲಿ ಸಾಕಷ್ಟು ತುಂಬಿದ ಮೇಲೆ ಬೆನ್ನಿನ ದು ನಾಳದಲ್ಲಿ ಏರಿ, ಮುಂಭಾಗದ ರೆನ್ ನಾಳದಲ್ಲಿ ಇಳಿದು ಮತ್ತೆ ಹೊಲಕ್ಕೇ ಬರುತ್ತದೆ. ಇದಕ್ಕೆ ಚಿಕ್ಕ ಸುತ್ತು ಅನ್ನುತ್ತಾರೆ. ಏರಿದ್ದನ್ನು ತಲೆಯಲ್ಲೇ ಬಿಟ್ಟು ಏಳುವ ಹಾಗಿಲ್ಲ. ಪ್ರತಿ ಅಭ್ಯಾಸದ ಕೊನೆಗೂ ಶೌಗಾಂಗ್ ಅಂತ ಮುಕ್ತಾಯ ಇರುತ್ತದೆ. ಎರಡೂ ಅಂಗೈ ಹೊಟ್ಟೆಯ ಮೇಲಿಟ್ಟು ಎಲ್ಲವನ್ನೂ ಅಲ್ಲಿಗೆ ತಂದು ನಿಲ್ಲಿಸುವುದು.

ಇನ್ನು ತುದಿ ಎಲ್ಲಿ? ಪತಂಜಲಿ ಮೊದಲೇ ಹೇಳಿಬಿಟ್ಟಿದ್ದಾರೆ: ಯೋಗಶ್ಚಿತ್ತವೃತ್ತಿನಿರೋಧಃ. ಚಿತ್ತದ ಅಲೆಗಳು ನಿಂತಾಗ ನೋಡುವವನು ತನ್ನ ಸ್ವರೂಪದಲ್ಲಿ ನೆಲೆಸುತ್ತಾನೆ. ನೋಡುವವನು ಬೇರೆ, ನೋಡಲ್ಪಡುವುದು ಬೇರೆ, ಅವೆರಡರ ಸಿಕ್ಕು ಬಿಡಿಸುವುದೇ ಕೈವಲ್ಯ. ಮೈ, ಉಸಿರು, ಮನಸ್ಸು ಇವೆಲ್ಲ ನೋಡಲ್ಪಡುವ ಕಡೆಗೆ ಸೇರಿದವು. ಕೊನೆಗೆ ಅವುಗಳಿಂದ ಬಿಡಿಸಿಕೊಳ್ಳಬೇಕು. ತಾವೋ ಪರಂಪರೆಯ ಒಳ ರಸವಾದದಲ್ಲಿ ಮೈಯನ್ನು ಬಿಟ್ಟು ಹೋಗುವ ಮಾತಿಲ್ಲ. ಜಿಂಗ್ ಎಂಬ ಮೂಲ ಸಾರವನ್ನು ಚಿ ಆಗಿ, ಚಿಯನ್ನು ಶೆನ್ ಎಂಬ ಚೇತನವಾಗಿ, ಶೆನ್ನನ್ನು ಶೂನ್ಯಕ್ಕೆ ಮರಳಿಸುತ್ತ ಹೋಗುವುದು ಅಲ್ಲಿನ ಕ್ರಮ. ಕಬ್ಬಿನ ಹಾಲು ಕಾಯಿಸಿ ಬೆಲ್ಲಕ್ಕೆ ತರುವ ಹಾಗೆ ಇದ್ದದ್ದನ್ನೇ ಪಾಕಕ್ಕೆ ತರುತ್ತಾರೆ. ಪ್ರಕೃತಿಯಿಂದ ಬೇರೆಯಾಗುವುದು ನಿಮ್ಮ ಹಂಬಲವೋ, ಪ್ರಕೃತಿಯ ಜೊತೆ ಒಂದಾಗಿ ಹರಿಯುವುದು ನಿಮ್ಮ ಹಂಬಲವೋ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಮೈ ಎಷ್ಟು ಬಾಗುತ್ತದೆ ಅನ್ನುವುದಕ್ಕಿಂತ ಇದು ಮುಖ್ಯ.

ಇನ್ನೊಂದು ತಪ್ಪು ಕಲ್ಪನೆ: ಯೋಗ ಕೂತು ಮಾಡುವುದು, ಚಿಗಾಂಗ್ ಚಲಿಸುತ್ತ ಮಾಡುವುದು ಅಂತ. ತಾವೋ ದಾರಿಯಲ್ಲೂ ಕೊನೆಗೆ ಕೂರಲೇಬೇಕು. ಹಳೆಯ ತಾವೋ ಚಿಂತಕ ಝುವಾಂಗ್‌ಜಿಯ ಗ್ರಂಥದಲ್ಲೇ ಜುವೊವಾಂಗ್ ಅನ್ನುವ ಮಾತಿದೆ, "ಕೂತು ಮರೆಯುವುದು" ಅಂತ ಅರ್ಥ. ಕೈಕಾಲು ಮರೆತು, ತಿಳಿವಳಿಕೆ ಮರೆತು ಸುಮ್ಮನಾಗುವುದು. ಬರೀ ಕೈ ಬೀಸಿ ಮನೆಗೆ ಹೋಗುವ ತರಗತಿಯಲ್ಲಿ ಈ ಭಾಗ ಸಿಗುವುದಿಲ್ಲ.

ನಿಲ್ಲುವುದನ್ನು ಹತ್ತಿರದಿಂದ

ಚಿಗಾಂಗನ್ನು ಸಾಧನೆಯಾಗಿ ತೆಗೆದುಕೊಳ್ಳುವವರು ಎಂಟು ಚಲನೆಗಳ ಬಾದುವಾನ್‌ಜಿನ್‌ನಿಂದ ಶುರುಮಾಡಬಹುದು. ಆಕಾಶವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುವುದರಿಂದ ಶುರುವಾಗಿ ಹಿಮ್ಮಡಿ ಎತ್ತಿ ಏಳು ಸಲ ಕುಟ್ಟುವುದರಲ್ಲಿ ಮುಗಿಯುತ್ತದೆ, ಸುಮಾರು 12 ನಿಮಿಷ ಹಿಡಿಯುತ್ತದೆ. ಚೀನಾ ಸರ್ಕಾರ 2003ರಲ್ಲಿ ಹೊರತಂದ ನಾಲ್ಕು ಪ್ರಮಾಣಿತ ಕ್ರಮಗಳಲ್ಲಿ ಇದೂ ಒಂದು, ಕಲಿಯುವುದು ಕಷ್ಟವಲ್ಲ. ಆದರೆ ದಾರಿಯ ಬುನಾದಿ ಝಾನ್ ಝುವಾಂಗ್. ಕಂಬದ ಹಾಗೆ ನಿಲ್ಲುವುದು ಅಂತ ಅರ್ಥ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ, ನಿಂತವರಿಗೆ ಮಾತ್ರ ಗೊತ್ತು.

ಪಾದಗಳು ಭುಜದಷ್ಟು ಅಗಲ, ಒಂದಕ್ಕೊಂದು ಸಮಾನಾಂತರ. ಬೆರಳು ಹೊರಕ್ಕೆ ತಿರುಗುವುದು ಎಲ್ಲರ ಚಾಳಿ, ಕೆಳಗೆ ನೋಡಿ ಸರಿಮಾಡಿಕೊಳ್ಳಿ. ಮಂಡಿಯನ್ನು ಬೀಗ ಬಿಡಿಸುವಷ್ಟು ಮಾತ್ರ ಬಾಗಿಸಿ. ಅದು ಕಾಲ್ಬೆರಳ ತುದಿಯನ್ನು ದಾಟಬಾರದು, ಒಳಕ್ಕೂ ಬೀಳಬಾರದು, ಎರಡನೆಯ ಬೆರಳಿನ ನೇರಕ್ಕೆ ಇರಬೇಕು. ಎತ್ತರದ ಸ್ಟೂಲಿನ ಅಂಚಿಗೆ ಆಗಷ್ಟೇ ಕೂರಲು ಹೊರಟವರಂತೆ ಸೊಂಟ ಇಳಿಬಿಡಿ. ಆಗ ಕೆಳಬೆನ್ನಿನ ಹಳ್ಳ ತುಂಬಿಕೊಳ್ಳುತ್ತದೆ. ನೆತ್ತಿಗೆ ದಾರ ಕಟ್ಟಿ ಮೇಲೆ ತೂಗುಹಾಕಿದ ಹಾಗೆ ಕತ್ತು ಉದ್ದವಾಗಲಿ, ಗದ್ದ ತುಸು ಒಳಗೆ. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿರಲಿ. ಈಗ ತೋಳುಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ದೊಡ್ಡ ಬಲೂನು ತಬ್ಬಿದ ಹಾಗೆ ದುಂಡಗೆ ಹಿಡಿಯಿರಿ. ಮೊಣಕೈ ಮಣಿಕಟ್ಟಿಗಿಂತ ಕೆಳಗಿರಲಿ, ಬೆರಳುಗಳ ನಡುವೆ ಸಂದು ಇರಲಿ. ಒತ್ತಿದರೆ ಬಲೂನು ಒಡೆಯುತ್ತದೆ, ಬಿಟ್ಟರೆ ಜಾರುತ್ತದೆ, ಅಷ್ಟೇ ಬಲ. ಕಣ್ಣು ಅರೆಮುಚ್ಚಿ. ಉಸಿರಿಗೆ ಏನೂ ಮಾಡಬೇಡಿ.

ಮೊದಲ ವಾರ 3 ನಿಮಿಷ. ಎರಡನೆಯ ವಾರ 5. ಆಮೇಲೆ ವಾರಕ್ಕೊಂದು ನಿಮಿಷ ಏರಿಸುತ್ತ ಮೂರು ತಿಂಗಳಿಗೆ 15ಕ್ಕೆ ತಲುಪಿದರೆ ಬಹಳ ಚೆನ್ನಾಯಿತು. ನಾಲ್ಕನೆಯ ನಿಮಿಷಕ್ಕೆ ಹೆಗಲು ಉರಿಯುತ್ತದೆ. ಆಗ ಕೈ ಕೆಳಗೆ ಬಿಡುವ ಮೊದಲು ಒಂದು ಸಲ ನೋಡಿ, ನೂರಕ್ಕೆ ತೊಂಬತ್ತು ಸಲ ಹೆಗಲು ಕಿವಿಯ ಕಡೆಗೆ ಏರಿರುತ್ತದೆ. ಉಸಿರು ಬಿಡುತ್ತ ಅದನ್ನು ಇಳಿಸಿದರೆ ಇನ್ನೊಂದು ನಿಮಿಷ ನಿಲ್ಲಬಹುದು. ಈ ಸಾಧನೆಯ ಸಾರ ಇರುವುದು ಆ ಕ್ಷಣದಲ್ಲೇ: ಬಿಗಿತವನ್ನು ಕಂಡುಹಿಡಿಯುವುದು, ಬಲ ಹಾಕದೆ ಬಿಡುವುದು, ಆದರೂ ಕುಸಿಯದೆ ನಿಲ್ಲುವುದು. ಇದಕ್ಕೆ ಚೀನಾದವರು ಸೊಂಗ್ ಅನ್ನುತ್ತಾರೆ.

ತೊಡೆ ನಡುಗುವುದನ್ನು ಚಿ ಎದ್ದಿತು ಅಂದುಕೊಳ್ಳಬೇಡಿ, ಅದು ದಣಿದ ಸ್ನಾಯು. ಅಂಗೈ ಬೆಚ್ಚಗಾಗುವುದು ಮೈ ಸಡಿಲಾಗಿ ರಕ್ತ ಚೆನ್ನಾಗಿ ಹರಿಯುವುದರಿಂದ. ಒಳ್ಳೆಯ ಗುರುತು, ಅಷ್ಟೇ. ಕಣ್ಣು ಕತ್ತಲಾದರೆ ಮಾತ್ರ ಹುಡುಗಾಟವಲ್ಲ. ಮಂಡಿಯನ್ನು ಬೀಗ ಹಾಕಿ ನಿಂತಾಗ ರಕ್ತ ಕಾಲಲ್ಲಿ ನಿಂತು ತಲೆಗೆ ಕಮ್ಮಿಯಾಗುತ್ತದೆ. ತಕ್ಷಣ ಕೂತುಬಿಡಿ. ಮುಂದಿನ ಸಲ ಮಂಡಿ ಬಿಡಿಸಿ ನಿಲ್ಲಿ. ಮುಗಿಸುವಾಗ ಕೈಗಳನ್ನು ನಿಧಾನವಾಗಿ ಹೊಟ್ಟೆಯ ಮೇಲಿಟ್ಟು ಎರಡು ನಿಮಿಷ ಸುಮ್ಮನಿದ್ದು, ಅಂಗೈ ಉಜ್ಜಿ ಮುಖ ಸವರಿಕೊಂಡು, ಹತ್ತು ಹೆಜ್ಜೆ ನಡೆಯಿರಿ. ಫೋನು ಬಂತೆಂದು ಮುಕ್ತಾಯ ಬಿಟ್ಟು ಓಡುವವರಿಗೇ ಆಮೇಲೆ ತಲೆ ಭಾರ.

ಕೂರುವುದು

ಯೋಗದಲ್ಲಿ ಸಾಧನೆಗಾಗಿ ಬಂದವರು ಮೊದಲು ಗೆಲ್ಲಬೇಕಾದದ್ದು ಕೂರುವುದನ್ನು. ಸ್ಥಿರಸುಖಮಾಸನಮ್ ಅನ್ನುವ ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ, ಅದರ ಮುಂದಿನದನ್ನು ಓದುವವರು ಕಮ್ಮಿ: ಪ್ರಯತ್ನಶೈಥಿಲ್ಯಾನಂತಸಮಾಪತ್ತಿಭ್ಯಾಮ್. ಪ್ರಯತ್ನವನ್ನು ಸಡಿಲಿಸಬೇಕು. ಈ ಒಂದು ಮಾತಿನಲ್ಲಿ ಮಾತ್ರ ಎರಡು ದಾರಿಗಳೂ ಒಂದನ್ನೊಂದು ಮುಟ್ಟುತ್ತವೆ.

ಕಂಬಳಿಯನ್ನೋ ಜಮಖಾನವನ್ನೋ ಮೂರು ನಾಲ್ಕು ಇಂಚು ದಪ್ಪ ಮಡಚಿ ಅದರ ಅಂಚಿನ ಮೇಲೆ ಕೂರಿ. ಸೊಂಟ ಮಂಡಿಗಿಂತ ಮೇಲಿರಬೇಕು, ಆಗ ಬೆನ್ನು ತಾನಾಗಿ ನಿಲ್ಲುತ್ತದೆ. ಕುರ್ಚಿಗೆ ಒಗ್ಗಿದ ಮೈಯನ್ನು ಒಮ್ಮೆಲೇ ಪದ್ಮಾಸನಕ್ಕೆ ತಿರುಚಿದರೆ ಪೆಟ್ಟು ಬೀಳುವುದು ಮಂಡಿಗೆ. ತಿರುಗಬೇಕಾದದ್ದು ತೊಡೆಯ ಮೇಲಿನ ಕೀಲು; ಅದು ತಿರುಗದಿದ್ದಾಗ ಒತ್ತಾಯವೆಲ್ಲ ಮಂಡಿಯ ಒಳಬದಿಗೆ ಬೀಳುತ್ತದೆ. ಅಲ್ಲಿ ಚುಚ್ಚಿದರೆ ಆ ಆಸನ ಇವತ್ತಿಗೆ ಬೇಡ. ಸುಖಾಸನವೇ ಸಾಕು, ಗಾಳಿಯಲ್ಲಿರುವ ಮಂಡಿಯ ಕೆಳಗೆ ದಿಂಬು ಕೊಡಿ.

ಪ್ರಾಣಾಯಾಮಕ್ಕೆ ನಾಡೀಶೋಧನ ಒಂದೇ ಇರಲಿ, ಮೊದಲ ಮೂರು ತಿಂಗಳು ಬೇರೆ ಯಾವುದೂ ಬೇಡ. ಬಲಗೈಯ ತೋರುಬೆರಳು, ನಡುಬೆರಳು ಮಡಚಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರಬೆರಳು ಎಡಕ್ಕೆ. ಒತ್ತಬೇಕಾದದ್ದು ಮೂಗಿನ ಎಲುಬು ಮುಗಿದು ಮೆತ್ತಗಾಗುವ ಜಾಗದಲ್ಲಿ, ತುದಿಯಲ್ಲಲ್ಲ. ಎಡದಿಂದ ತೆಗೆದುಕೊಂಡು ಬಲದಿಂದ ಬಿಟ್ಟು, ಬಲದಿಂದ ತೆಗೆದುಕೊಂಡು ಎಡದಿಂದ ಬಿಟ್ಟರೆ ಒಂದು ಸುತ್ತು. ದಿನಕ್ಕೆ ಆರು ಸುತ್ತು. ಎರಡು ವಾರ 4 ಎಣಿಕೆ ಒಳಗೆ, 4 ಹೊರಗೆ. ಆಮೇಲೆ 4ಕ್ಕೆ 6. ಒಂದೂವರೆ ತಿಂಗಳ ಮೇಲೆ 4ಕ್ಕೆ 8. ಕುಂಭಕ, ಅಂದರೆ ಉಸಿರು ಹಿಡಿದು ನಿಲ್ಲಿಸುವುದು, ಬೇಡವೇ ಬೇಡ. ಎಣಿಕೆ ಜಾಸ್ತಿಯಾಯಿತು ಅಂತ ತಿಳಿಯುವುದು ಹೇಗೆ? ಉಸಿರು ಬಿಟ್ಟು ಮುಗಿದ ಮೇಲೆ ಮುಂದಿನ ಉಸಿರನ್ನು ಗಬಕ್ಕನೆ ಎಳೆದುಕೊಂಡಿರಾ, ಅಲ್ಲಿಗೆ ಜಾಸ್ತಿಯಾಯಿತು. ಒಂದು ಎಣಿಕೆ ಇಳಿಸಿ. ನೆಗಡಿ ಬಂದ ದಿನ ಬಿಟ್ಟುಬಿಡಿ.

ಸ್ವಾತ್ಮಾರಾಮರ ಹಠಯೋಗಪ್ರದೀಪಿಕೆಯಲ್ಲಿ ಒಂದು ಎಚ್ಚರಿಕೆ ಇದೆ. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲನೆ ಪಳಗಿಸುತ್ತಾರೋ ಹಾಗೇ ವಾಯುವನ್ನೂ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ. ಇದನ್ನು ಅಲಂಕಾರದ ಮಾತೆಂದು ಓದುವವರೇ ಹೆಚ್ಚು. ಕಪಾಲಭಾತಿ, ಭಸ್ತ್ರಿಕೆಗಳನ್ನು ನೂರು, ಇನ್ನೂರು ಅಂತ ಲೆಕ್ಕ ಏರಿಸುವವರನ್ನು ನೋಡಿ. ಬಿರುಸಾಗಿ ಉಸಿರಾಡಿದಾಗ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಇಳಿದುಹೋಗುತ್ತದೆ, ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ, ತಲೆ ಹಗುರವಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಇದನ್ನು ಕುಂಡಲಿನಿ ಅಂದುಕೊಂಡು ಇನ್ನಷ್ಟು ಮಾಡಿದರೆ ಕೈಗೆ ಸಿಗುವುದು ಗಾಬರಿ, ನಿದ್ದೆಗೇಡು. ಬಿ.ಪಿ. ಇರುವವರು, ಹೃದ್ರೋಗಿಗಳು, ಗರ್ಭಿಣಿಯರು ಇವುಗಳ ಹತ್ತಿರ ಹೋಗಬಾರದು. ಗ್ಲಾಕೋಮಾ ಇರುವವರಿಗೆ ಶೀರ್ಷಾಸನ, ಸರ್ವಾಂಗಾಸನ ಸಲ್ಲದು, ತಲೆಕೆಳಗಾದಾಗ ಕಣ್ಣಿನ ಒತ್ತಡ ಏರುತ್ತದೆ.

ಯೋಗದಲ್ಲಿ ಇದಕ್ಕಿಂತ ಸದ್ದಿಲ್ಲದ ಒಂದು ಹಾನಿ ಇದೆ, ನನಗೆ ಅದೇ ದೊಡ್ಡದೆನಿಸುತ್ತದೆ. ಒಂದು ಗಂಟೆಯ ಅಭ್ಯಾಸದಲ್ಲಿ ಐವತ್ತು ನಿಮಿಷವನ್ನು ಆಸನವೇ ನುಂಗುತ್ತದೆ. ಐದು ವರ್ಷ ಕಳೆದ ಮೇಲೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಸಿಟ್ಟು ಮಾತ್ರ ಹಾಗೇ ಇರುತ್ತದೆ. ಸಾಧನೆಗೆ ಬಂದವರು ಗಂಟೆಯನ್ನು ಹೀಗೆ ಹಂಚಿಕೊಳ್ಳಿ: ಆಸನ 20 ನಿಮಿಷ, ಪ್ರಾಣಾಯಾಮ 10, ಧ್ಯಾನವೋ ಜಪವೋ 20, ಓದು 10. ಹೊತ್ತು ಕಮ್ಮಿ ಇದ್ದ ದಿನ ಕತ್ತರಿ ಆಸನಕ್ಕೆ ಬೀಳಲಿ, ಧ್ಯಾನಕ್ಕಲ್ಲ. ನಡತೆಯ ಕಟ್ಟುಪಾಡುಗಳಾದ ಯಮ, ನಿಯಮಗಳು ಬಾಗಿಲಲ್ಲೇ ನಿಂತಿವೆ, ಅವನ್ನು ಹಾರಿ ಒಳಗೆ ಬಂದವರಿಗೆ ಮುಂದಿನ ಮೆಟ್ಟಿಲು ನಿಲ್ಲುವುದಿಲ್ಲ.

ದಾರಿ ತಪ್ಪಿದ ಬೆಂಕಿ

ಚಿಗಾಂಗ್ ನಿಧಾನ, ಮೆತ್ತಗೆ, ಹಾಗಾಗಿ ಅಪಾಯವೇ ಇಲ್ಲ ಅನ್ನುವುದೂ ಸರಿಯಲ್ಲ. ಅವರ ಭಾಷೆಯಲ್ಲೇ ಒಂದು ನುಡಿಗಟ್ಟಿದೆ, ಝೌಹುವೊ ರುಮೊ: ಬೆಂಕಿ ದಾರಿ ತಪ್ಪಿತು, ಮಾರ ಹೊಕ್ಕ. ಇಲ್ಲಿನ ಮೊ ಅನ್ನುವ ಅಕ್ಷರ ಬೌದ್ಧರ ಮಾರನಿಗಾಗಿ, ಸಂಸ್ಕೃತದಿಂದ ಹೋದದ್ದು. 1980ರ ದಶಕದಲ್ಲಿ ಚೀನಾದಲ್ಲಿ ಚಿಗಾಂಗ್ ಹುಚ್ಚು ಹರಡಿದಾಗ ಸಾವಿರಾರು ಜನ ಪಾರ್ಕುಗಳಲ್ಲಿ ಸೇರಿ, ತಾನಾಗಿ ಬರುವ ನಡುಕ, ಕೂಗು, ಕುಣಿತಗಳನ್ನು ಬೇಕೆಂದೇ ಬೆಳೆಸಿಕೊಂಡರು. ಕೆಲವರು ಭ್ರಮೆಗೆ ಬಿದ್ದು ಆಸ್ಪತ್ರೆ ಸೇರಿದರು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ಕೈಪಿಡಿಯಲ್ಲಿ ಇದಕ್ಕೆ ಒಂದು ನಮೂದೇ ಇದೆ.

ಇದು ಆಗುವುದು ಹೇಗೆ? ಹೊಲ ತುಂಬುವ ಮುಂಚೆಯೇ ಚಿಕ್ಕ ಸುತ್ತು ತಿರುಗಿಸಲು ಹೊರಡುತ್ತಾರೆ. ಬೆನ್ನಿನಲ್ಲಿ ಬಿಸಿ ಏರುತ್ತಿದೆ ಅಂತ ಮನಸ್ಸಿನಲ್ಲೇ ಬಲವಂತವಾಗಿ ಚಿತ್ರ ಕಟ್ಟುತ್ತಾರೆ, ಹುಬ್ಬಿನ ನಡುವೆ ಗಮನ ನೆಟ್ಟು ಅರ್ಧ ಗಂಟೆ ಕೂರುತ್ತಾರೆ. ಕಣ್ಣು, ಹಣೆ, ದವಡೆ ಬಿಗಿಯಾಗಿ ತಲೆನೋವು ಹಿಡಿಯುತ್ತದೆ. ರಾತ್ರಿ ಮಲಗಿದಾಗಲೂ ಅಭ್ಯಾಸ ನಿಲ್ಲುವುದಿಲ್ಲ. ಉಸಿರು ಒಳಗೆ ಬರುವಾಗ ಹೊಟ್ಟೆಯನ್ನು ಒಳಗೆಳೆಯುವ ಹಿಮ್ಮುಖ ಉಸಿರಾಟವನ್ನು ವಿಡಿಯೊ ನೋಡಿ ಕಲಿತವರಿಗೂ ಇದೇ ಪಾಡು. ಅಂಥ ಲಕ್ಷಣ ಕಂಡರೆ ಗಮನ ಇಡುವ ಅಭ್ಯಾಸವನ್ನೆಲ್ಲ ಎರಡು ವಾರ ನಿಲ್ಲಿಸಿ. ಬರಿಗಾಲಲ್ಲಿ ನಡೆಯಿರಿ, ಹೊಟ್ಟೆತುಂಬ ಬಿಸಿ ಊಟ ಮಾಡಿ, ತೋಟದ ಕೆಲಸವೋ ಪಾತ್ರೆ ತಿಕ್ಕುವುದೋ ಕೈಗೆ ಕೆಲಸ ಕೊಡಿ. ಮೂರು ನಾಲ್ಕು ರಾತ್ರಿ ನಿದ್ದೆಯೇ ಬಾರದಿದ್ದರೆ, ಯಾರೋ ಮಾತಾಡಿದ ಹಾಗೆ ಕೇಳಿಸಿದರೆ ತಡಮಾಡದೆ ಮನೋವೈದ್ಯರ ಹತ್ತಿರ ಹೋಗಿ. ಗುರುಗಳ ಅಪ್ಪಣೆಗೆ ಕಾಯಬೇಡಿ. ಮೊದಲೇ ಇಂಥ ಕಾಯಿಲೆ ಇದ್ದವರು ಎರಡೂ ದಾರಿಗಳಲ್ಲಿ ಮೈ ಆಡಿಸುವಷ್ಟಕ್ಕೆ ನಿಲ್ಲುವುದು ಕ್ಷೇಮ.

ಎರಡನ್ನೂ ಕಲಸುವುದರ ಅಪಾಯವೂ ಇಲ್ಲೇ ಅರ್ಥವಾಗುತ್ತದೆ. ಬೆಳಿಗ್ಗೆ ಬಂಧ ಹಾಕಿ, ಕುಂಭಕ ಮಾಡಿ ಏರಿಸುತ್ತೀರಿ. ಸಂಜೆ ದಾನ್‌ತಿಯೆನ್‌ನಲ್ಲಿ ಗಮನವಿಟ್ಟು ಇಳಿಸುತ್ತೀರಿ. ಅಭ್ಯಾಸ ಆಳವಾಗದಷ್ಟು ದಿನ ಏನೂ ಆಗುವುದಿಲ್ಲ. ಆಳಕ್ಕೆ ಹೋದಾಗ ಮೈಗೆ ಯಾವ ಮಾತು ಕೇಳಬೇಕೋ ತಿಳಿಯುವುದಿಲ್ಲ. ಹೊರಗಿನ ಅಭ್ಯಾಸ ಬೆರೆಸುವುದರಿಂದ ತೊಂದರೆಯಿಲ್ಲ. ಧ್ಯಾನಕ್ಕೆ ಮುಂಚೆ ಬಾದುವಾನ್‌ಜಿನ್ ಮಾಡಿ ಮೈ ಬಿಡಿಸಿಕೊಂಡರೆ, ನಿಂತ ಮೇಲೆ ಶವಾಸನದಲ್ಲಿ ಮಲಗಿದರೆ ಲಾಭವೇ. ಉಸಿರು ಮತ್ತು ಗಮನದ ಒಳಗೆಲಸ ಮಾತ್ರ ಒಂದೇ ಪರಂಪರೆಯದಾಗಿರಲಿ.

ಹಾಗಾದರೆ ಯಾವುದು?

ಕರ್ನಾಟಕದಲ್ಲಿ ಕೂತು, ಪೂರ್ತಿ ಆಧ್ಯಾತ್ಮಿಕ ದಾರಿಯೊಂದನ್ನು ಹುಡುಕುತ್ತಿರುವ ಹೆಚ್ಚಿನವರಿಗೆ ನಾನು ಯೋಗವನ್ನೇ ಹೇಳುತ್ತೇನೆ. ಅಭಿಮಾನಕ್ಕಲ್ಲ. ಯೋಗಸೂತ್ರವನ್ನು, ಗೀತೆಯನ್ನು ಕನ್ನಡದಲ್ಲಿ ಓದಿ, ಸಂದೇಹ ಬಂದರೆ ಕೇಳಬಲ್ಲಿರಿ. ಈಶ್ವರಪ್ರಣಿಧಾನ ಅಂದಾಗ ಮನಸ್ಸಿನಲ್ಲಿ ಏನೋ ಒಂದು ಮೂಡುತ್ತದೆ. ತಾವೋ ರಸವಾದದ ಗ್ರಂಥಗಳು ಸೀಸ, ಪಾದರಸ, ಹುಲಿ, ಡ್ರ್ಯಾಗನ್ ಅನ್ನುವ ಗೂಢ ಭಾಷೆಯಲ್ಲಿವೆ. ಕೈಹಿಡಿದು ಬಿಡಿಸಿ ಹೇಳುವ ಗುರು ಇಲ್ಲದೆ ಅವು ತೆರೆದುಕೊಳ್ಳುವುದಿಲ್ಲ, ಅಂಥ ಗುರು ನಮ್ಮ ಕಡೆ ಬಹಳ ವಿರಳ. ಗುರುವಿಲ್ಲದ ಚಿಗಾಂಗ್ ಒಳ್ಳೆಯ ವ್ಯಾಯಾಮವಾಗಿ ಉಳಿಯುತ್ತದೆ, ಅಷ್ಟೇ.

ಆದರೂ ಚಿಗಾಂಗ್ ಹಿಡಿಯಿರಿ ಎಂದು ಧೈರ್ಯವಾಗಿ ಹೇಳಬಹುದಾದವರಿದ್ದಾರೆ. ಕೂತ ಕೂಡಲೇ ಯೋಚನೆ ಜೇನುಹುಳದ ಹಾಗೆ ಮುತ್ತಿಕೊಳ್ಳುವವರು. ನಿಂತಾಗ ಅವರ ಮನಸ್ಸಿಗೆ ಮೈ ಅನ್ನುವ ಆಸರೆ ಸಿಗುತ್ತದೆ. ಯೋಗವನ್ನೇ ಸ್ಪರ್ಧೆ ಮಾಡಿಕೊಂಡು ಸುಸ್ತಾದವರು. ಏನನ್ನು ಹಿಡಿದರೂ ಬಲ ಹಾಕುವ ಸ್ವಭಾವದವರು, ಅವರಿಗೆ ಸೊಂಗ್ ಕಲಿಯುವುದೇ ಅರ್ಧ ಸಾಧನೆ. ಸಾಕಾರ ದೇವರಲ್ಲಿ ಮನಸ್ಸು ನಿಲ್ಲದವರು.

ಒಳ ರಸವಾದದಲ್ಲಿ ನೂರು ದಿನದ ಬುನಾದಿ ಅನ್ನುವ ಮಾತಿದೆ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಒಂದನ್ನು ಆರಿಸಿ 100 ದಿನ, ದಿನಕ್ಕೆ 40 ನಿಮಿಷ, ಒಂದೇ ಹೊತ್ತು, ಒಂದೇ ಜಾಗ. ನೋಟ್‌ಬುಕ್ಕಿನಲ್ಲಿ ಮೂರೇ ಸಾಲು ಬರೆಯಿರಿ: ಎಷ್ಟು ಹೊತ್ತು ಮಾಡಿದೆ, ರಾತ್ರಿ ನಿದ್ದೆ ಹೇಗಿತ್ತು, ಇವತ್ತು ಯಾರ ಮೇಲೆ ರೇಗಿದೆ. ಕಂಡ ಬೆಳಕು, ಕೇಳಿದ ನಾದ ಬರೆಯಬೇಡಿ. ಬರೆದರೆ ಮರುದಿನ ಅದಕ್ಕೇ ಕಾಯುತ್ತ ಕೂರುತ್ತೀರಿ. ನೂರನೆಯ ದಿನ ಮೂರನೆಯ ಸಾಲನ್ನು ಮೊದಲಿನಿಂದ ಓದಿಕೊಳ್ಳಿ.

ಕೇಳಿದ ಕೆಲವು ಪ್ರಶ್ನೆಗಳು

ಗುರುಗಳನ್ನು ನಂಬುವ ಮುಂಚೆ ಏನು ನೋಡಬೇಕು ಅಂತ ಒಬ್ಬರು ಕೇಳಿದರು. ತಾವು ಯಾರ ಹತ್ತಿರ ಎಷ್ಟು ವರ್ಷ ಕಲಿತದ್ದು ಅಂತ ಕೇಳಿ, ಮುಜುಗರವಿಲ್ಲದೆ ಹೇಳಬೇಕು. ನಿಮ್ಮ ಬಿ.ಪಿ., ಮಾತ್ರೆ, ಆಪರೇಷನ್ ಬಗ್ಗೆ ಅವರೇ ಮೊದಲು ವಿಚಾರಿಸಬೇಕು. ಮಾತ್ರೆ ಬಿಡಿ ಅಂದರೆ ಎದ್ದು ಬನ್ನಿ. ದೂರದಿಂದ ಚಿ ಹಾಯಿಸುತ್ತೇನೆ, ಮೂರು ದಿನದಲ್ಲಿ ಕುಂಡಲಿನಿ ಎಬ್ಬಿಸುತ್ತೇನೆ ಅಂದರೂ ಅಷ್ಟೇ.

ಅರವತ್ತೆಂಟು ವಯಸ್ಸು, ಎರಡೂ ಮಂಡಿ ಸವೆದಿವೆ, ನೆಲಕ್ಕೆ ಕೂರಲಾಗುವುದಿಲ್ಲ ಅಂದರು ಒಬ್ಬ ತಾಯಿ. ಅಮ್ಮಾ, ಎರಡು ದಾರಿಯೂ ನಿಮಗೆ ತೆರೆದೇ ಇದೆ. ಕೈಯಿಲ್ಲದ ಗಟ್ಟಿ ಕುರ್ಚಿ ತೆಗೆದುಕೊಳ್ಳಿ, ಮುಂದಿನ ಅರ್ಧದಲ್ಲಿ ಕೂರಿ, ಒರಗಬೇಡಿ. ಪಾದ ಪೂರ್ತಿ ನೆಲಕ್ಕೆ ಊರಿರಲಿ. ಎಟುಕದಿದ್ದರೆ ಕೆಳಗೆ ಮಣೆ ಇಟ್ಟುಕೊಳ್ಳಿ. ಜಪವನ್ನೂ ಹೀಗೆ ಮಾಡಬಹುದು, ಬಲೂನು ತಬ್ಬುವುದನ್ನೂ ಹೀಗೇ ಮಾಡಬಹುದು. ನಿಲ್ಲಬೇಕೆನಿಸಿದ ದಿನ ಕುರ್ಚಿಯ ಬೆನ್ನು ಹಿಡಿದು ಎರಡು ನಿಮಿಷ ನಿಲ್ಲಿ, ಹಿಮ್ಮಡಿ ಕುಟ್ಟುವುದನ್ನು ಮಾತ್ರ ಬಿಡಿ.

ಊಟ ಆದ ಎಷ್ಟು ಹೊತ್ತಿಗೆ ಮಾಡಬಹುದು ಅನ್ನುವುದು ಕೊನೆಯ ಪ್ರಶ್ನೆ. ತುಂಬಿದ ಊಟವಾದರೆ ಮೂರು ಗಂಟೆ, ತಿಂಡಿಯಾದರೆ ಒಂದೂವರೆ ಗಂಟೆ ಬಿಟ್ಟು. ತೀರ ಹಸಿದ ಹೊಟ್ಟೆಯಲ್ಲೂ ನಿಲ್ಲಬೇಡಿ, ಸಕ್ಕರೆ ಕಾಯಿಲೆಯವರಂತೂ ನಿಲ್ಲಲೇಬಾರದು. ಬೆಳಿಗ್ಗೆ ಎದ್ದು ಒಂದು ಲೋಟ ಬೆಚ್ಚಗಿನ ನೀರು ಕುಡಿದು ಹತ್ತು ನಿಮಿಷ ಕಳೆದ ಮೇಲೆ ಶುರುಮಾಡಿ. ಕಾಫಿ ಆಮೇಲೆ.